ಜೈವಿಕ ಇದ್ದಿಲು ಮತ್ತು ಅಲಸಂದೆಯ ಜೊತೆಬೆಳೆ: ಬೇಣದ ಅಂಚಿನ ಕೆಮ್ಮಣ್ಣಿನಲ್ಲಿ ಮೂರು ಹಂಗಾಮು

ಗಂಗಾವಳಿ ದಂಡೆ (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಜೈವಿಕ ಇದ್ದಿಲನ್ನು (ಬಯೋಚಾರ್, ಅಂದರೆ ಗಾಳಿ ಹೆಚ್ಚು ತಾಗದಂತೆ ಒಣ ಸೌದೆ ಸುಟ್ಟು ಮಾಡಿದ ಇದ್ದಿಲು) ಮಣ್ಣಿಗೆ ಸೇರಿಸಿದರೆ ತರಕಾರಿ ಚೆನ್ನಾಗಿ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಇಲ್ಲಿ ಹಲವರು ಕೇಳಿದ್ದೀರಿ. ಮೂರು ಹಂಗಾಮು ಮಾಡಿ ನೋಡಿದ ಮೇಲೆ, ತಪ್ಪಿದ್ದನ್ನೂ ಸೇರಿಸಿ, ಕಂಡದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಗದ್ದೆಗಿಂತ ಮೇಲಕ್ಕಿರುವ ಬೇಣದ (ಹುಲ್ಲು ಬೆಳೆಯುವ ದಿಬ್ಬದ) ಅಂಚಿನ ಎಂಟು ಗುಂಟೆ ಜಾಗ. ಅಡಿಯಲ್ಲಿ ಚಿರೇಕಲ್ಲು, ಅದರ ಮೇಲೆ ಒಂದೂವರೆ ಅಡಿಯಷ್ಟು ಕೆಂಪು ಮಣ್ಣು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುವುದರಿಂದ, ಮೇ ತಿಂಗಳಲ್ಲಿ ನಾವು ಹಾಕಿದ ಸುಣ್ಣ, ಬೂದಿ, ಗೊಬ್ಬರದ ಸಾರ ಎಲ್ಲವೂ ಆ ನಾಲ್ಕು ತಿಂಗಳಲ್ಲಿ ತೊಳೆದು ಹಳ್ಳಕ್ಕೆ ಸೇರಿಬಿಡುತ್ತದೆ. ಅಕ್ಟೋಬರ್‌ನಲ್ಲಿ ಬದನೆ ನೆಡಲು ಹೋದಾಗ ಪ್ರತಿ ವರ್ಷವೂ ಮೊದಲಿನಿಂದ ಶುರುಮಾಡಿದ ಹಾಗೆಯೇ. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಮಣ್ಣಿನ ಹುಳಿಯ ಅಳತೆ; ಏಳಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು) 5.2 ಬಂದಿತ್ತು.

ಮೊದಲ ಹಂಗಾಮಿನಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಹೇಳುತ್ತೇನೆ. ಸುಟ್ಟು ಆರಿಸಿದ ಇದ್ದಿಲನ್ನು ಪುಡಿಮಾಡಿ ಹಾಗೆಯೇ ಓಳಿಗಳಿಗೆ (ಗಿಡ ನೆಡುವ ಮಡಿಗಳಿಗೆ) ಸುರಿದು ಹಾರೆಯಿಂದ ಮಗುಚಿದೆ. ನೆಟ್ಟ ಮೂರನೆಯ ವಾರಕ್ಕೆ ಬದನೆಯ ಕೆಳಗಿನ ಎಲೆಗಳು ಹಳದಿಯಾದವು, ಗಿಡಗಳು ಕುಳ್ಳಾಗಿ ನಿಂತವು. ಇದ್ದಿಲು ಹಾಕದೆ ಬಿಟ್ಟಿದ್ದ ಪಕ್ಕದ ಓಳಿಯೇ ಹಸಿರಾಗಿತ್ತು. ಹಸಿ ಇದ್ದಿಲಿನ ತುಂಬ ಖಾಲಿ ರಂಧ್ರಗಳು. ಮಣ್ಣಿನಲ್ಲಿ ಇದ್ದ ಅಲ್ಪಸ್ವಲ್ಪ ಸಾರಜನಕವನ್ನೂ ಅದು ತನ್ನತ್ತ ಎಳೆದುಕೊಂಡು ಕೂತಿತ್ತು. ಎರಡನೆಯ ಹಂಗಾಮಿಗೆ ಇದ್ದಿಲನ್ನು ಗಂಜಲ, ಸಗಣಿ ಮತ್ತು ಹಳೆಯ ಕೊಟ್ಟಿಗೆ ಗೊಬ್ಬರದ ಜೊತೆ ನೆರಳಿನಲ್ಲಿ ಒಂದು ತಿಂಗಳು ಕಳಿಸಿ (ಕೊಳೆಯಲು ಬಿಟ್ಟು ಹದಮಾಡಿ) ಹಾಕಿದೆ. ಆಗ ಎರಡೂ ಓಳಿಗಳ ನಡುವಿನ ವ್ಯತ್ಯಾಸ ತಿರುಗುಮುರುಗಾಯಿತು.

ಮೂರನೆಯ ಹಂಗಾಮಿನಲ್ಲಿ ಬದನೆಯ ಎರಡು ಸಾಲುಗಳ ನಡುವೆ ಗಿಡ್ಡ ಜಾತಿಯ ಅಲಸಂದೆ ಹಾಕಿದೆ. ಕೊಯ್ಲು ಮುಗಿದ ಮೇಲೆ ಒಂದು ಅಲಸಂದೆ ಗಿಡವನ್ನು ನೀರು ಹನಿಸಿ ಮೆಲ್ಲಗೆ ಕಿತ್ತು ನೋಡಿದಾಗ, ಕಡಲೆ ಗಾತ್ರದ ಇದ್ದಿಲಿನ ತುಂಡೊಂದನ್ನು ಬಿಳಿ ಬೇರುಗಳು ಸುತ್ತಿ ಹಿಡಿದಿದ್ದವು, ಕೆಲವು ಅದರ ಬಿರುಕಿನೊಳಗೇ ಇಳಿದಿದ್ದವು. ಅಕ್ಕಪಕ್ಕದ ಬೇರಿನ ಗಂಟುಗಳನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಆ ಬಣ್ಣವಿದ್ದರೆ ಗಂಟಿನೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸದಲ್ಲಿವೆ ಎಂದು ಅರ್ಥ. ಒಳಗೆ ಬೂದು ಅಥವಾ ಹಸಿರು ಕಂಡರೆ ಕೆಲಸ ನಿಂತಿದೆ ಎಂದು ತಿಳಿಯಬೇಕು.

ಇದ್ದಿಲು ಸಾರವನ್ನು ಹಿಡಿದಿಟ್ಟುಕೊಳ್ಳುತ್ತದೆ, ತಾನಾಗಿ ಸಾರ ಕೊಡುವುದಿಲ್ಲ. ಅದರೊಳಗೆ ಏನನ್ನಾದರೂ ತುಂಬುವವರು ನಾವು ಮತ್ತು ನಾವು ಜೊತೆಗೆ ಬೆಳೆಯುವ ಗಿಡಗಳು. ನಮ್ಮಂಥ ತೊಳೆದುಹೋಗುವ ಮಣ್ಣಿನಲ್ಲಿ ಇವೆರಡನ್ನೂ ಒಟ್ಟಿಗೆ ಮಾಡಬೇಕೆಂಬುದು ನನ್ನ ಅಭಿಪ್ರಾಯ. ನಿಮ್ಮ ಅನುಭವ ಬೇರೆ ಇದ್ದರೆ ದಯವಿಟ್ಟು ಬರೆಯಿರಿ.

ಹಿತ್ತಲ ಬಸಳೆ (ಹೊನ್ನಾವರ)

ಅಣ್ಣಾ, ಬಹಳ ಉಪಯೋಗದ ಮಾತು ಬರೆದಿದ್ದೀರಿ. ನನ್ನದು ಮನೆಯ ಹಿಂದಿನ ಎರಡು ಗುಂಟೆ ಹಿತ್ತಲು. ಬಸಳೆ ಚಪ್ಪರ, ಹರಿವೆ, ನಾಲ್ಕು ಬೆಂಡೆ ಸಾಲು, ಮಳೆಗಾಲದಲ್ಲಿ ಹೀರೆ ಮತ್ತು ಮೊಗೆಕಾಯಿ ಅಷ್ಟೇ. ನಮ್ಮ ಅತ್ತೆಯವರು ಬೇಸಿಗೆಯಲ್ಲಿ ದರಕು (ಉದುರಿದ ಒಣ ಎಲೆ), ಕಸಕಡ್ಡಿ ರಾಶಿ ಹಾಕಿ ಮೇಲೆ ಮಣ್ಣು ಮುಚ್ಚಿ ಎರಡು ಮೂರು ದಿನ ಸಣ್ಣಗೆ ಹೊಗೆಯಾಡಿಸಿ ಸುಡುಮಣ್ಣು ಮಾಡುತ್ತಿದ್ದರು, ಆ ಮಣ್ಣನ್ನೇ ಬಸಳೆಯ ಬುಡಕ್ಕೆ ಹಾಕುತ್ತಿದ್ದರು. ಅಜ್ಜಿಯ ಕಾಲದಲ್ಲಿ ಭತ್ತದ ಉಮಿ ಸುಟ್ಟು ಮಾಡಿದ ಉಮಿಕರಿಯಲ್ಲಿ ಹಲ್ಲುಜ್ಜುತ್ತಿದ್ದರು, ಉಳಿದದ್ದು ಹರಿವೆ ಮಡಿಗೆ ಹೋಗುತ್ತಿತ್ತು. ಹೀಗಿರುವಾಗ ಜೈವಿಕ ಇದ್ದಿಲು ಎಂದರೆ ಸುಡುಮಣ್ಣಿನದೇ ಹೊಸ ಹೆಸರೇ, ಅಥವಾ ಬೇರೆಯೇ? ಒಲೆಯ ಬೂದಿಯನ್ನು ನಾನು ಹೇಗೂ ಗಿಡಗಳಿಗೆ ಹಾಕುತ್ತೇನೆ, ಅದು ಸಾಲದೇ? ಮನೆಯಲ್ಲೇ ಇದ್ದಿಲು ಮಾಡುವ ಕ್ರಮವನ್ನೂ ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಗಂಗಾವಳಿ ದಂಡೆ (ಅಂಕೋಲಾ)

ಅಕ್ಕಾ, ನಿಮ್ಮ ಅತ್ತೆಯವರ ಸುಡುಮಣ್ಣು ಇದರ ಹತ್ತಿರದ ಬಳಗವೇ. ಸುಡುಮಣ್ಣಿನಲ್ಲಿ ಮಣ್ಣೇ ಹೆಚ್ಚು, ಸ್ವಲ್ಪ ಬೂದಿ, ಅಲ್ಲಲ್ಲಿ ಇದ್ದಿಲು. ಅದು ಕಳೆಬೀಜ ಮತ್ತು ಹುಳುಗಳನ್ನು ಕೊಂದು, ಪೊಟ್ಯಾಷ್ ಕೊಟ್ಟು, ಅಂಟುಮಣ್ಣನ್ನು ಸಡಿಲಗೊಳಿಸುತ್ತದೆ. ಆದರೆ ಸುಡುವಾಗ ಮಣ್ಣಿನಲ್ಲಿದ್ದ ಸಾವಯವ ಅಂಶದ ಒಂದು ಪಾಲೂ ಹೋಗುತ್ತದೆ, ಹೊಗೆಯಂತೂ ಎರಡು ದಿನ ಕೇರಿಯ ತುಂಬ. ಬೂದಿಯ ವಿಷಯವೂ ಹೀಗೆಯೇ: ಹುಳಿ ಮಣ್ಣಿಗೆ ಒಳ್ಳೆಯದು, ಆದರೆ ನೀರಿನಲ್ಲಿ ಕರಗುವುದರಿಂದ ಒಂದು ಮಳೆಗಾಲದಲ್ಲಿ ಮುಗಿಯುತ್ತದೆ. ಇದ್ದಿಲು ಕರಗುವುದಿಲ್ಲ. ಅಮೆಜಾನ್ ನದಿಯ ಪ್ರದೇಶದಲ್ಲಿ, ನಮ್ಮಂತೆಯೇ ಜೋರು ಮಳೆ ಹೊಡೆಯುವ ಕಡೆ, ಅಲ್ಲಿಯ ಹಳೆಯ ಜನ ಇದ್ದಿಲು, ಎಲುಬು, ಮೀನಿನ ಕಸ, ಅಡುಗೆಮನೆಯ ತ್ಯಾಜ್ಯ ಸೇರಿಸಿ ಮಾಡಿದ ಕಪ್ಪು ಮಣ್ಣು ನೂರಾರು ವರ್ಷ ಕಳೆದರೂ ಫಲವತ್ತಾಗಿಯೇ ಉಳಿದಿದೆ; ಅದಕ್ಕೆ ಅಲ್ಲಿ ‘ತೆರ್ರಾ ಪ್ರೆತಾ’ ಎನ್ನುತ್ತಾರೆ. ಅವರು ಹಾಕಿದ್ದು ಬರೀ ಇದ್ದಿಲಲ್ಲ ಎಂಬುದನ್ನು ಗಮನಿಸಬೇಕು.

ಮಾಡುವ ಕ್ರಮ ಹೇಳುತ್ತೇನೆ. ಮೇಲೆ ಐದು ಅಡಿ ಅಗಲ, ಎರಡೂವರೆ ಅಡಿ ಆಳ, ಕೆಳಕ್ಕೆ ಹೋದಂತೆ ಕಿರಿದಾಗುವ ಬಾಣಲೆಯಂಥ ಗುಂಡಿ ತೋಡಿದ್ದೇನೆ. ಚಿರೇಕಲ್ಲಿನ ನೆಲವಾದ್ದರಿಂದ ಪಿಕಾಸಿಯಲ್ಲಿ ಎರಡು ದಿನ ಹಿಡಿಯಿತು, ಆದರೆ ಒಮ್ಮೆ ತೋಡಿದರೆ ಗೋಡೆ ಕುಸಿಯುವುದಿಲ್ಲ. ತೆಂಗಿನ ಹೆಡೆಮಂಡೆ (ಗರಿಯ ದಪ್ಪ ಬುಡ), ಕರಟ, ಗಾಳಿಮರದ ಬಿದ್ದ ರೆಂಬೆ, ಹಿಂದಿನ ಬೆಳೆಯ ಬದನೆ ಕಡ್ಡಿ, ಎಲ್ಲವೂ ಮುರಿದರೆ ಟಪ್ಪೆನ್ನುವಷ್ಟು ಒಣಗಿರಬೇಕು. ತಳದಲ್ಲಿ ಚಿಕ್ಕ ಬೆಂಕಿ ಮಾಡಿ, ಅದು ಚೆನ್ನಾಗಿ ಉರಿದ ಮೇಲೆ ಒಂದು ಪದರ ತೆಳ್ಳಗೆ ಹರಡುತ್ತೇವೆ. ಆ ಪದರದ ಅಂಚಿನಲ್ಲಿ ಬಿಳಿ ಬೂದಿ ಕಾಣಿಸಲು ತೊಡಗಿದ ಕೂಡಲೇ ಮುಂದಿನ ಪದರ. ಮೇಲಿನ ಜ್ವಾಲೆ ಕೆಳಗೆ ಗಾಳಿ ಇಳಿಯಗೊಡುವುದಿಲ್ಲ, ಕೆಳಗಿನಿಂದ ಏಳುವ ಹೊಗೆಯನ್ನೂ ತಾನೇ ಸುಟ್ಟುಬಿಡುತ್ತದೆ. ಹಾಗಾಗಿ ಸರಿಯಾಗಿ ಮಾಡಿದ ಗುಂಡಿಯಿಂದ ಹೊಗೆ ಬಹಳ ಕಡಿಮೆ. ದಟ್ಟ ಹೊಗೆ ಎದ್ದರೆ ಸೌದೆ ಹಸಿಯಿದೆ ಅಥವಾ ಒಮ್ಮೆಗೇ ಹೆಚ್ಚು ಹಾಕಿದ್ದೇವೆ ಎಂದು ತಿಳಿಯಬೇಕು. ಗುಂಡಿ ತುಂಬಿ ಜ್ವಾಲೆ ತಗ್ಗುವ ಹೊತ್ತಿಗೆ ನೀರು ಸುರಿದು ಪೂರ್ತಿ ನಂದಿಸಬೇಕು. ನನಗೆ ಹನ್ನೆರಡು ಕೊಡ ಬೇಕಾಗುತ್ತದೆ. ಅರೆಬರೆ ನಂದಿಸಿ ಮನೆಗೆ ಹೋದರೆ ಬೆಳಿಗ್ಗೆ ಬರೀ ಬೂದಿ ಇರುತ್ತದೆ. ಬೇಣದ ಹುಲ್ಲು ಒಣಗಿರುವ ಕಾಲವಾದ್ದರಿಂದ ಸುತ್ತ ಹತ್ತು ಹೆಜ್ಜೆ ಕೆತ್ತಿ ಸ್ವಚ್ಛ ಮಾಡಿ, ಗಾಳಿ ಏಳುವ ಮುಂಚೆ, ಬೆಳಗಿನ ಜಾವದಲ್ಲಿಯೇ ಮುಗಿಸಿ. ಪ್ಲಾಸ್ಟಿಕ್, ಬಣ್ಣ ಬಳಿದ ಮರ, ಪ್ಲೈವುಡ್ ಚೂರು ಯಾವುದೂ ಈ ಗುಂಡಿಗೆ ಬೀಳಬಾರದು.

ಸೊಪ್ಪಿನ ಬೆಟ್ಟ (ಶಿರಸಿ)

ಘಟ್ಟದ ಮೇಲಿನವನಾಗಿ ಒಂದು ಆಕ್ಷೇಪವನ್ನು ದಾಖಲಿಸಬೇಕಾಗಿದೆ. ಈ ಚರ್ಚೆಯನ್ನು ಓದಿ ಯಾರೂ ಬೆಟ್ಟದ ಸೊಪ್ಪು, ದರಕುಗಳನ್ನು ಗುಂಡಿಗೆ ಹಾಕಿ ಸುಡಲು ಹೊರಡಬಾರದು. ನಮ್ಮ ಅಡಿಕೆ ತೋಟಗಳು ತಲೆಮಾರುಗಳಿಂದ ನಿಂತಿರುವುದು ಆ ಸೊಪ್ಪಿನ ಮೇಲೆ: ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಗೊಬ್ಬರಗುಂಡಿಯಲ್ಲಿ ಕೊಳೆಸಿ, ತೋಟಕ್ಕೆ ಇಳಿಸುವ ಕ್ರಮ. ಎಲೆಯಲ್ಲಿರುವ ಸಾರಜನಕ ಸುಟ್ಟಾಗ ಹೆಚ್ಚುಪಾಲು ಗಾಳಿಗೆ ಹೋಗುತ್ತದೆ, ಎರೆಹುಳುವಿಗೂ ಶಿಲೀಂಧ್ರಕ್ಕೂ ಬೇಕಾದ ಆಹಾರ ಇಲ್ಲವಾಗುತ್ತದೆ. ಬೇಗ ಕೊಳೆಯುವುದನ್ನು ಕೊಳೆಸಬೇಕು. ಕೊಳೆಯಲು ವರ್ಷಗಟ್ಟಲೆ ಹಿಡಿಯುವುದನ್ನು ಮಾತ್ರ ಇದ್ದಿಲು ಮಾಡಬೇಕು.

ಅಂಥದ್ದು ನಮ್ಮಲ್ಲಿ ಕಡಿಮೆಯೇನೂ ಇಲ್ಲ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿದ ಸಿಪ್ಪೆ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದು, ಮಳೆಯಲ್ಲಿ ನೆನೆದು ನಾರುತ್ತ ಬಿದ್ದಿರುತ್ತದೆ; ಕೆಲವರು ಅದಕ್ಕೆ ಬೆಂಕಿ ಹಚ್ಚಿ ವಾರಗಟ್ಟಲೆ ಹೊಗೆ ಎಬ್ಬಿಸುತ್ತಾರೆ. ಆ ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ಇದ್ದಿಲು ಮಾಡಿದರೆ ರಸ್ತೆಗೂ ಒಳಿತು, ತೋಟಕ್ಕೂ ಒಳಿತು. ನಾನು ಎರಡು ವರ್ಷಗಳಿಂದ ಹಳೆಯ ಇನ್ನೂರು ಲೀಟರಿನ ತೈಲದ ಡ್ರಮ್ಮಿನಲ್ಲಿ ಮಾಡುತ್ತಿದ್ದೇನೆ. ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆಯಾದ ‘ಕ್ರಿಡಾ’ದವರು ಇಂಥದೇ ಡ್ರಮ್ಮಿನ ಒಲೆಯನ್ನು ರೈತರಿಗೆಂದು ರೂಪಿಸಿದ್ದಾರೆ. ಸಿಪ್ಪೆ ಹಗುರವಾದ್ದರಿಂದ ಗುಂಡಿಯಲ್ಲಿ ಬೇಗ ಬೂದಿಯಾಗುತ್ತದೆ, ಡ್ರಮ್ಮಿನಲ್ಲಿ ಹಿಡಿತ ಸಿಗುತ್ತದೆ.

ಜೊತೆಬೆಳೆಯ ವಿಷಯದಲ್ಲಿ ನಮಗೆ ಹೊಸದೇನೂ ಇಲ್ಲ. ಅಡಿಕೆ, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ, ಕೆಳಗೆ ಏಲಕ್ಕಿ: ಬೇರೆಬೇರೆ ಎತ್ತರದಲ್ಲಿ ಬಿಸಿಲನ್ನೂ, ಬೇರೆಬೇರೆ ಆಳದಲ್ಲಿ ನೀರನ್ನೂ ಹಂಚಿಕೊಳ್ಳುವ ಏರ್ಪಾಡು. ತರಕಾರಿ ಓಳಿಯಲ್ಲಿಯೂ ಅದೇ ಲೆಕ್ಕವನ್ನು ನಾಲ್ಕು ತಿಂಗಳ ಅವಧಿಗೆ ಇಳಿಸಿ ನೋಡಬೇಕಷ್ಟೆ.

ಕಾಳಿ ಕಿನಾರೆ (ಕಾರವಾರ)

ನಮ್ಮದು ಸದಾಶಿವಗಡದ ಕಡೆಯ ಮರಳು ಮಣ್ಣು, ಸಮುದ್ರದಿಂದ ಕೂಗಳತೆಯ ದೂರ. ಎರಡು ಸಮಸ್ಯೆಗಳಿವೆ, ತಿಳಿದವರು ದಾರಿ ತೋರಿಸಬೇಕು.

ಮೊದಲನೆಯದು ನೀರು. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಎರಡನೆಯದು ಸೊರಗು. ಬದನೆ, ಮೆಣಸು ಎರಡೂ ಹೂ ಬಿಡುವ ಹೊತ್ತಿಗೆ, ಎಲೆ ಹಸಿರಾಗಿರುವಾಗಲೇ ಒಂದು ಮಧ್ಯಾಹ್ನ ಜೋತು ಬೀಳುತ್ತವೆ. ಸಂಜೆಗೆ ಸ್ವಲ್ಪ ಚೇತರಿಸಿಕೊಂಡಂತೆ ಕಂಡು ಮೂರ್ನಾಲ್ಕು ದಿನಗಳಲ್ಲಿ ಸತ್ತುಹೋಗುತ್ತವೆ. ಕಳೆದ ವರ್ಷ ಅರ್ಧಕ್ಕರ್ಧ ಗಿಡ ಹೋದವು, ಮನೆಯವರೆಲ್ಲ ಸೇರಿ ನೀರು ಹೊತ್ತು ಬೆಳೆಸಿದ ಗಿಡಗಳು. ಅಂಗಡಿಯೊಂದರಲ್ಲಿ ‘ಇದನ್ನು ಹಾಕಿದರೆ ಸೊರಗು ಬರುವುದಿಲ್ಲ’ ಎಂದು ಹೇಳಿ ಬಯೋಚಾರ್ ಎಂಬ ಕಪ್ಪು ಪುಡಿಯ ಚೀಲ ಕೊಟ್ಟರು. ಹಾಕಿದೆ, ಗಿಡ ಹೋಗುವುದು ನಿಲ್ಲಲಿಲ್ಲ. ಇದ್ದಿಲಿನಿಂದ ಸೊರಗು ರೋಗ ನಿಲ್ಲುತ್ತದೆ ಎಂಬುದು ನಿಜವೇ?

ಮಣ್ಣಿನ ಮಾತು (ಕೃಷಿ ಪದವೀಧರೆ, ಕುಮಟಾ)

ಕಾರವಾರದವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದರಲ್ಲಿ ನಷ್ಟ ಆಗಿಹೋಗಿದೆ. ನೀವು ಹೇಳಿದ ಲಕ್ಷಣ ದುಂಡಾಣು (ಬ್ಯಾಕ್ಟೀರಿಯಾ) ಸೊರಗಿನದು. ಖಚಿತ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ: ಜೋತುಬಿದ್ದ ಗಿಡದ ಕಾಂಡವನ್ನು ಬುಡದ ಹತ್ತಿರ ಚೂಪಾದ ಕತ್ತಿಯಿಂದ ಕತ್ತರಿಸಿ, ಆ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಅಲುಗದೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ತೆಳು ಎಳೆಗಳು ಕೆಳಕ್ಕೆ ಇಳಿದರೆ ಅದು ದುಂಡಾಣುವೇ. ಇಳಿಯದಿದ್ದರೆ ಶಿಲೀಂಧ್ರ ಅಥವಾ ಬೇರಿನ ತೊಂದರೆ ಇರಬಹುದು.

ಇದು ಬಂದ ನೆಲದಲ್ಲಿ ಇದ್ದಿಲನ್ನು ಔಷಧಿಯಂತೆ ನಂಬಬಾರದು. ಅಂಥ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಇವುಗಳನ್ನು ಒಂದರ ಹಿಂದೆ ಒಂದು ಹಾಕುವುದನ್ನೂ, ಒಂದರ ಪಕ್ಕ ಒಂದು ಹಾಕುವುದನ್ನೂ ನಿಲ್ಲಿಸಬೇಕು. ಮೂರೂ ಒಂದೇ ಕುಟುಂಬದವು, ಮೂರಕ್ಕೂ ಅದೇ ರೋಗ. ಜೊತೆಬೆಳೆ ಎಂದು ಬದನೆಯ ನಡುವೆ ಮೆಣಸು ಹಾಕಿದವರು ರೋಗಕ್ಕೆ ಸೇತುವೆ ಕಟ್ಟಿಕೊಟ್ಟ ಹಾಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೇಶವ, ಅರ್ಕಾ ನಿಧಿ, ಅರ್ಕಾ ನೀಲಕಂಠ ಎಂಬ ಬದನೆ ತಳಿಗಳು ದುಂಡಾಣು ಸೊರಗನ್ನು ತಡೆದುಕೊಳ್ಳುತ್ತವೆ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಇದೆ. ಕಾಡು ಸುಂಡೆಯ ಬೇರಿನ ಮೇಲೆ ಕಸಿ ಕಟ್ಟಿದ ಬದನೆಯೂ ಬದುಕುತ್ತದೆ.

ಮರಳಿನ ವಿಷಯದಲ್ಲಿ ಮಾತ್ರ ಇದ್ದಿಲು ನಿಮಗೆ ನಿಜವಾಗಿ ನೆರವಾಗುತ್ತದೆ. ಮರಳಿನ ಕಣಗಳ ನಡುವೆ ನೀರು ನಿಲ್ಲುವ ಸಣ್ಣ ರಂಧ್ರಗಳೇ ಇಲ್ಲ. ಇದ್ದಿಲು ಆ ರಂಧ್ರಗಳನ್ನು ಹೊರಗಿನಿಂದ ತಂದುಕೊಡುತ್ತದೆ. ಒಂದು ಎಚ್ಚರಿಕೆ: ಹಿನ್ನೀರಿನಲ್ಲಿ ನೆನೆಹಾಕಿದ ತೆಂಗಿನ ಸಿಪ್ಪೆಯಿಂದ ಇದ್ದಿಲು ಮಾಡಬೇಡಿ, ಅದರಲ್ಲಿರುವ ಉಪ್ಪು ಸುಟ್ಟರೂ ಹೋಗುವುದಿಲ್ಲ. ಅಂಗಡಿಯ ಪುಡಿಯ ಬಗ್ಗೆ ಹೇಳುವುದಾದರೆ, ಒಂದು ಚಮಚವನ್ನು ನೀರಿಗೆ ಹಾಕಿ ಕಲಕಿ ನೋಡಿ, ಬೆರಳಿನ ನಡುವೆ ಉಜ್ಜಿ ತೊಳೆಯಿರಿ. ಒಳ್ಳೆಯ ಇದ್ದಿಲಿನ ಮಸಿ ನೀರಿನಲ್ಲಿಯೇ ಬಿಟ್ಟುಹೋಗುತ್ತದೆ. ಜಿಡ್ಡಾಗಿ ಅಂಟಿ, ಸಾಬೂನು ಕೇಳಿದರೆ ಅದರಲ್ಲಿ ಅರೆಬೆಂದ ಡಾಂಬರಿನ ಅಂಶ ಉಳಿದಿದೆ. ನೀರಿಗೆ ಬಿದ್ದ ಕೂಡಲೇ ಬೂದುಬಣ್ಣದ ಕೆಸರಾದರೆ ಬೂದಿಯೇ ಹೆಚ್ಚು.

ಇನ್ನು ಕೆಮ್ಮಣ್ಣಿನ ಲೆಕ್ಕ. ಹುಳಿ ಹೆಚ್ಚಾದ, ಅಂದರೆ ಪಿಎಚ್ 5.5ಕ್ಕಿಂತ ಕೆಳಗಿಳಿದ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಎರಡೂ ಸೇರಿ ರಂಜಕವನ್ನು ಗಿಡಕ್ಕೆ ಸಿಗದಂತೆ ಕಟ್ಟಿಹಾಕುತ್ತವೆ. ಇದ್ದಿಲು ಸಾಮಾನ್ಯವಾಗಿ ಕ್ಷಾರ ಗುಣದ್ದಾದ್ದರಿಂದ ಈ ಹುಳಿಯನ್ನು ಸ್ವಲ್ಪ ತಗ್ಗಿಸುತ್ತದೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಉಷ್ಣವಲಯದ ಮಣ್ಣುಗಳಲ್ಲಿ ಇದ್ದಿಲಿನಿಂದ ಇಳುವರಿ ಸರಾಸರಿ ಶೇಕಡಾ 25ರಷ್ಟು ಹೆಚ್ಚಿದ್ದು, ಸಮಶೀತೋಷ್ಣ ದೇಶಗಳ ಮಣ್ಣಿನಲ್ಲಿ ಸರಾಸರಿ ಲಾಭ ಕಾಣಲಿಲ್ಲ. ಕಾರಣ ಬಹುಮಟ್ಟಿಗೆ ಇದೇ ಹುಳಿ. ಆದ್ದರಿಂದ ಪಿಎಚ್ ಏಳರ ಹತ್ತಿರ ಇರುವ ಮಣ್ಣಿಗೆ ರಾಶಿ ರಾಶಿ ಇದ್ದಿಲು ಸುರಿದರೆ ಉಪಕಾರಕ್ಕಿಂತ ಅಪಕಾರವೇ ಆಗಬಹುದು. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ನಿಮ್ಮ ತಾಲೂಕಿನ ರೈತ ಸಂಪರ್ಕ ಕೇಂದ್ರದಲ್ಲಿಯೋ ವಿಚಾರಿಸಬಹುದು.

ಜೊತೆಗೆ ಬೆಳೆಯುವ ಗಿಡಗಳೂ ಸಾರ ತುಂಬುತ್ತವೆ ಎಂಬ ಅಂಕೋಲೆಯವರ ಮಾತಿಗೆ ಒಂದು ತಿದ್ದುಪಡಿ. ಅಲಸಂದೆ ಹಿಡಿದ ಸಾರಜನಕ ಅದೇ ಹಂಗಾಮಿನಲ್ಲಿ ಪಕ್ಕದ ಬದನೆಗೆ ಹೋಗುವುದು ಅತ್ಯಲ್ಪ. ಕೊಯ್ಲಾದ ಮೇಲೆ ಅದರ ಬೇರು, ಬಳ್ಳಿ, ಎಲೆ ಮಣ್ಣಿನಲ್ಲಿ ಕೊಳೆತಾಗಲೇ ಮುಂದಿನ ಬೆಳೆಗೆ ಸಿಗುವುದು. ನಿಮ್ಮ ಬದನೆ ಅದೇ ವರ್ಷ ಚೆನ್ನಾಗಿದ್ದರೆ ಅದಕ್ಕೆ ನೆಲಕ್ಕೆ ನೆರಳು ಬಿದ್ದದ್ದು, ಕಳೆ ತಗ್ಗಿದ್ದು, ತೇವ ಉಳಿದದ್ದು ಕಾರಣವಾಗಿರಬೇಕು.

ಸಿಹಿ ಈರುಳ್ಳಿ (ಅಳವೆಕೋಡಿ)

ಭತ್ತ ಕೊಯ್ದ ಗದ್ದೆಯಲ್ಲಿ ಈರುಳ್ಳಿ ಹಾಕುವ ಕುಟುಂಬ ನಮ್ಮದು. ಹೆದ್ದಾರಿ ಬದಿಯಲ್ಲಿ ಹೆಣೆದು ಜೋತುಬಿಟ್ಟ ನಮ್ಮ ಕಡೆಯ ಈರುಳ್ಳಿಯ ಗೊಂಚಲನ್ನು ನೀವೆಲ್ಲ ನೋಡಿರುತ್ತೀರಿ. ನನ್ನ ಅನುಭವವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಈರುಳ್ಳಿಯ ನಡುವೆ ಅಲಸಂದೆ ಹಾಕಬೇಡಿ. ಈರುಳ್ಳಿಯ ಬೇರು ಮೇಲ್ಮೇಲೆ ಇರುತ್ತದೆ, ಎಲೆ ನೇರ ನಿಂತು ನೆರಳು ಕೊಡುವುದಿಲ್ಲ, ತನ್ನ ಮೇಲೆ ನೆರಳು ಬಿದ್ದರೆ ಗಡ್ಡೆಯೂ ಕಟ್ಟುವುದಿಲ್ಲ. ನಾನು ಒಂದು ಓಳಿಯಲ್ಲಿ ಮಾಡಿ ಕೈಸುಟ್ಟುಕೊಂಡೆ, ಗಡ್ಡೆ ನೆಲ್ಲಿಕಾಯಿ ಗಾತ್ರ ದಾಟಲಿಲ್ಲ. ಈರುಳ್ಳಿಯ ಗದ್ದೆಗೆ ದ್ವಿದಳ ಬೇಕೆಂದರೆ ಒಂದು ವರ್ಷ ಈರುಳ್ಳಿ, ಮರುವರ್ಷ ಶೇಂಗಾ ಅಥವಾ ಅಲಸಂದೆ ಎಂದು ಸರದಿ ಮಾಡುವುದೇ ಸರಿ. ಕಳಿಸಿದ ಇದ್ದಿಲನ್ನು ಸಸಿಮಡಿಗೆ ಹಾಕಿದ್ದು ಮಾತ್ರ ಚೆನ್ನಾಗಿ ಬಂತು. ಸಸಿ ಕೀಳುವಾಗ ಬೇರು ತುಂಡಾಗದೆ ಸಡಿಲವಾಗಿ ಎದ್ದು ಬಂದವು.

ಗಂಗಾವಳಿ ದಂಡೆ (ಅಂಕೋಲಾ)

ಕುಮಟೆಯ ಅಕ್ಕನವರ ತಿದ್ದುಪಡಿಯನ್ನು ಒಪ್ಪುತ್ತೇನೆ. ಹಿಂದಿರುಗಿ ಯೋಚಿಸಿದರೆ, ಆ ಹಂಗಾಮಿನಲ್ಲಿ ನಾನು ನೀರು ಬಿಡುವುದನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದ್ದೆ, ಕಳೆ ತೆಗೆಯಲು ಒಮ್ಮೆ ಮಾತ್ರ ಇಳಿದಿದ್ದೆ. ಬದನೆಗೆ ಸಿಕ್ಕ ಲಾಭ ಅಲ್ಲಿಯದೇ ಇರಬೇಕು.

ಹಲವರು ಖಾಸಗಿಯಾಗಿ ಅಳತೆ ಕೇಳಿದ್ದಾರೆ. ಪುಸ್ತಕದ ಪ್ರಮಾಣ ಹೆಕ್ಟೇರಿಗೆ ಹತ್ತು ಟನ್ ಎಂದರೆ ಗುಂಟೆಗೆ ನೂರು ಕಿಲೋ. ಒಣ ಸೌದೆಯ ತೂಕದ ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ ಮಾತ್ರ ಇದ್ದಿಲಾಗಿ ಸಿಗುವುದರಿಂದ, ಒಂದು ಗುಂಟೆಗೆ ನಾಲ್ಕೈದು ಕ್ವಿಂಟಾಲ್ ಒಣ ಸೌದೆ ಬೇಕಾಗುತ್ತದೆ. ಎಂಟು ಗುಂಟೆಗೆ ಅಷ್ಟನ್ನು ನಮ್ಮ ಹಿತ್ತಲಿನಿಂದ ಹೊಂದಿಸುವುದು ಆಗದ ಮಾತು. ಅದಕ್ಕಾಗಿ ನಾನು ಎಲ್ಲ ಕಡೆ ಹರಡುವುದನ್ನು ಬಿಟ್ಟು ನಾಟಿ ಗುಣಿಗಳಿಗೆ ಮಾತ್ರ ಹಾಕುತ್ತೇನೆ. ಬದನೆಗೆ ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 60 ಸೆಂಟಿಮೀಟರ್ ಬಿಟ್ಟರೆ ಗುಂಟೆಗೆ ಸುಮಾರು 220 ಗಿಡ. ಗಿಡಕ್ಕೆ 200 ಗ್ರಾಂ ಇದ್ದಿಲು ಎಂದರೂ 45 ಕಿಲೋದಲ್ಲಿ ಕೆಲಸವಾಗುತ್ತದೆ. ಮರುವರ್ಷ ಗುಣಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಮೂರ್ನಾಲ್ಕು ವರ್ಷಗಳಲ್ಲಿ ಇಡೀ ಓಳಿಗೆ ತಲುಪುತ್ತದೆ.

ಕಳಿಸುವಾಗ ಒಂದು ಬುಟ್ಟಿ ಇದ್ದಿಲಿಗೆ ಒಂದು ಬುಟ್ಟಿ ಹಳೆಯ ಗೊಬ್ಬರ, ಅದು ಒದ್ದೆಯಾಗುವಷ್ಟು ಅರ್ಧಕ್ಕರ್ಧ ನೀರು ಬೆರೆಸಿದ ಗಂಜಲ. ಮೇಲೆ ಸೋಗೆ ಮುಚ್ಚಿ ವಾರಕ್ಕೊಮ್ಮೆ ಮಗುಚುತ್ತೇನೆ. ಆರಂಭದ ಘಾಟು ಹೋಗಿ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸಿದ್ಧವಾಯಿತೆಂದು ತಿಳಿಯುತ್ತೇನೆ. ಈ ಕಳಿಸಿದ ಇದ್ದಿಲು ಬದನೆಯ ಗುಣಿಗೆ ಮಾತ್ರ, ಅಲಸಂದೆಯ ಸಾಲಿಗೆ ಅಲ್ಲ. ಎರಡಕ್ಕೂ ಹಾಕಿದ ಒಂದು ಓಳಿಯಲ್ಲಿ ಅಲಸಂದೆ ಎಲೆಯೆಲ್ಲ ಕಡುಹಸಿರು, ಕಾಯಿ ಕಡಿಮೆ, ಕಿತ್ತು ನೋಡಿದರೆ ಗಂಟುಗಳೇ ವಿರಳ. ಬೇಕಾದ ಸಾರಜನಕ ಕೈಗೆ ಸಿಗುತ್ತಿರುವಾಗ ಆ ಗಿಡ ಗಂಟು ಕಟ್ಟಿಕೊಳ್ಳುವ ಗೋಜಿಗೆ ಹೋಗುವುದಿಲ್ಲ.

ಅಲಸಂದೆಯ ತಳಿಯಲ್ಲಿಯೂ ಎಡವಿದ್ದೇನೆ. ಊರಿನ ಉದ್ದ ಅಲಸಂದೆಯ ಬೀಜ ಹಾಕಿದಾಗ ಅದು ಬದನೆಯ ಕುತ್ತಿಗೆಗೇ ಹಬ್ಬಿ ಕೊಯ್ಯಲು ಕೈ ಹೋಗದಂತಾಯಿತು. ಈಗ ಪೊದೆಯಾಗಿ ನಿಲ್ಲುವ ಅರ್ಕಾ ಗರಿಮಾ ಹಾಕುತ್ತೇನೆ. ಬದನೆ ನೆಟ್ಟು ಹದಿನೈದು ದಿನ ಬಿಟ್ಟು ಬಿತ್ತಬೇಕು, ಇಲ್ಲದಿದ್ದರೆ ಅದೇ ಮುಂದೆ ಹೋಗುತ್ತದೆ. ಬದನೆಯ ಸಾಲಿನಂಚಿಗೆ ಹರಿವೆ ಚೆಲ್ಲಿದರೆ ಬದನೆ ಎಲೆ ಹರಡುವ ಮುಂಚೆ, ಒಂದು ತಿಂಗಳೊಳಗೆ, ಅದನ್ನು ಕಿತ್ತು ಮಾರಿ ಮುಗಿದಿರುತ್ತದೆ. ಕೈಖರ್ಚಿನ ಮೊದಲ ಹಣ ಬರುವುದು ಅದರಿಂದಲೇ.

ಮಣ್ಣಿನ ಮಾತು (ಕೃಷಿ ಪದವೀಧರೆ, ಕುಮಟಾ)

ಒಂದು ವಿಷಯ ಬಿಟ್ಟುಹೋಗಿತ್ತು. ಬೇರುಗಂಟು ಜಂತು (ಬೇರಿನೊಳಗೆ ಸೇರಿ ಅದನ್ನು ಊದಿಸುವ ಅತಿಸಣ್ಣ ಹುಳು) ಇರುವ ನೆಲದಲ್ಲಿ ಬದನೆ ಮತ್ತು ಅಲಸಂದೆ ಎರಡನ್ನೂ ಸೇರಿಸಿ ಹಾಕಿದರೆ ಜಂತುವಿಗೆ ಎರಡು ಮನೆ ಸಿಕ್ಕಂತಾಗುತ್ತದೆ. ಮರಳು ಮಣ್ಣಿನವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಗಂಟು ಒಳ್ಳೆಯದೋ ಕೆಟ್ಟದ್ದೋ ಎಂದು ಗುರುತಿಸುವುದು ಕಷ್ಟವಲ್ಲ: ಸಾರಜನಕದ ಗಂಟು ಬೇರಿನ ಬದಿಗೆ ಅಂಟಿಕೊಂಡಿರುತ್ತದೆ, ಬೆರಳಿನಿಂದ ಉಜ್ಜಿದರೆ ಮಣಿಯಂತೆ ಉದುರುತ್ತದೆ, ಜಂತುವಿನ ಗಂಟು ಬೇರೇ ಊದಿಕೊಂಡದ್ದು, ಬೇರು ಹರಿಯದೆ ಅದು ಬರುವುದಿಲ್ಲ. ಎರಡನೆಯದು ಕಂಡರೆ ಆ ಓಳಿಯಲ್ಲಿ ಒಂದು ಹಂಗಾಮು ಒತ್ತೊತ್ತಾಗಿ ಗೊಂಡೆ ಹೂ ಬೆಳೆಯಿರಿ, ಬೇರುಗಳು ಅಲ್ಲಿಯೇ ಕೊಳೆಯಲಿ. ಅಂಚಿಗೆ ನಾಲ್ಕು ಗೊಂಡೆ ಗಿಡ ನೆಟ್ಟರೆ ಸಾಲದು.

ಹಿತ್ತಲ ಬಸಳೆ (ಹೊನ್ನಾವರ)

ಅಣ್ಣಾ, ಅಕ್ಕಾ, ನೀವು ಹೇಳಿದಂತೆ ಮಾಡಿದೆ. ದೊಡ್ಡ ಗುಂಡಿ ತೋಡಲು ಆಗದ ಕಾರಣ ಮೂರು ಅಡಿಯದನ್ನೇ ತೋಡಿಸಿ, ಕರಟ ಮತ್ತು ಹೆಡೆಮಂಡೆಯಿಂದ ಎರಡು ಬುಟ್ಟಿ ಇದ್ದಿಲು ತೆಗೆದೆ. ಮೊದಲ ಸಲ ನೀರು ಸಾಲದೆ ಅರ್ಧ ಬೂದಿಯಾಯಿತು, ಎರಡನೆಯ ಸಲ ಸರಿಹೋಯಿತು. ಕರಟದ ಇದ್ದಿಲು ಗಟ್ಟಿ, ಒರಳಿನಲ್ಲಿ ಜಜ್ಜಬೇಕಾಯಿತು. ಧೂಳು ಏಳುವುದರಿಂದ ಒದ್ದೆ ಇರುವಾಗಲೇ ಜಜ್ಜುವುದು ಒಳ್ಳೆಯದು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ನಮ್ಮಲ್ಲಿ ದನವಿಲ್ಲ. ಪಕ್ಕದ ಮನೆಯವರಿಂದ ಗಂಜಲ ತಂದು, ಮೀನು ತೊಳೆದ ನೀರನ್ನೂ ಸೇರಿಸಿ ಮಡಕೆಯಲ್ಲಿ ಕಳಿಸಿದೆ.

ಬಸಳೆಯ ನಾಲ್ಕು ಬುಡಗಳಲ್ಲಿ ಎರಡಕ್ಕೆ ಹಾಕಿ ಎರಡನ್ನು ಹಾಗೆಯೇ ಬಿಟ್ಟಿದ್ದೇನೆ. ಆರು ವಾರಗಳಾದವು. ಎಲೆಯ ಗಾತ್ರದಲ್ಲಿ ನನ್ನ ಕಣ್ಣಿಗೆ ಹೆಚ್ಚಿನ ವ್ಯತ್ಯಾಸ ಕಾಣುತ್ತಿಲ್ಲ. ಆದರೆ ಎರಡು ದಿನ ಊರಿಗೆ ಹೋಗಿ ನೀರು ತಪ್ಪಿದಾಗ ಹಾಕದ ಎರಡು ಬಳ್ಳಿಗಳ ಕುಡಿ ಬಾಡಿದ್ದವು, ಹಾಕಿದವು ನೆಟ್ಟಗಿದ್ದವು. ಬೆರಳು ಇಳಿಸಿ ನೋಡಿದರೆ ಅಲ್ಲಿ ತೇವ ಇತ್ತು.

ಕಾಳಿ ಕಿನಾರೆ (ಕಾರವಾರ)

ಲೋಟದ ನೀರಿನ ಪರೀಕ್ಷೆ ಮಾಡಿದೆ. ಹಾಲಿನಂಥ ಎಳೆ ಇಳಿಯಿತು. ಮಗಳು ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದಳು. ಹಾಗಾಗಿ ಈ ವರ್ಷ ಆ ಜಾಗದಲ್ಲಿ ಬದನೆಯೂ ಇಲ್ಲ, ಮೆಣಸೂ ಇಲ್ಲ. ಬೆಂಡೆ ಹಾಕಿ, ಸುತ್ತಲೂ ಎರಡು ಸಾಲು ಮೆಕ್ಕೆಜೋಳ ನಿಲ್ಲಿಸಿದ್ದೇನೆ. ಬೇರೆ ಮೂಲೆಯ ಎರಡು ಓಳಿಗಳಲ್ಲಿ ಅರ್ಕಾ ನಿಧಿ ನೆಡುವುದಕ್ಕೆ ಬೀಜ ತರಿಸಿದ್ದೇನೆ, ಅದಕ್ಕೆ ಕಳಿಸಿದ ಇದ್ದಿಲು ಒಂದು ಓಳಿಗೆ ಮಾತ್ರ. ಬೇರುಗಳನ್ನೂ ಕಿತ್ತು ನೋಡಿದೆ. ಊದಿದ ಗಂಟು ಇಲ್ಲ.

ಗಂಗಾವಳಿ ದಂಡೆ (ಅಂಕೋಲಾ)

ಹೀಗೆ ಒಂದನ್ನು ಹಾಕದೆ ಉಳಿಸಿಕೊಂಡು ಪಕ್ಕದಲ್ಲೇ ಹೋಲಿಸಿ ನೋಡುವುದು ಬಹಳ ಮುಖ್ಯ. ನಾನು ಕೂಡ ಒಂದು ಓಳಿಯನ್ನು ಮೂರು ವರ್ಷಗಳಿಂದ ಇದ್ದಿಲಿಲ್ಲದೆ ಬಿಟ್ಟಿದ್ದೇನೆ. ಉಳಿದದ್ದೆಲ್ಲ, ಗೊಬ್ಬರವೂ ಅಲಸಂದೆಯೂ, ಅದಕ್ಕೂ ಸಮನಾಗಿಯೇ ಹೋಗಿದೆ. ಮಳೆ ನಿಂತ ಮೇಲೆ, ಅಕ್ಟೋಬರ್ ಮೊದಲ ವಾರದಲ್ಲಿ, ಎರಡೂ ಓಳಿಗಳಿಂದ ಗೇಣಾಳದ ಮಣ್ಣು ತೆಗೆದು ಬೇರೆಬೇರೆ ಚೀಲದಲ್ಲಿ ಪರೀಕ್ಷೆಗೆ ಕಳುಹಿಸುತ್ತೇನೆ. ನಾಲ್ಕು ತಿಂಗಳ ಮಳೆ ಕಳೆದ ಮೇಲೆ ಪೊಟ್ಯಾಷ್ ಮತ್ತು ಪಿಎಚ್ ಎಲ್ಲಿ ಎಷ್ಟು ಉಳಿದಿವೆ ಎಂಬ ಎರಡು ಅಂಕಿಗಳನ್ನು ಇಲ್ಲಿಯೇ ಬರೆಯುತ್ತೇನೆ. ಹೊನ್ನಾವರದ ಅಕ್ಕ ಮತ್ತು ಕಾರವಾರದವರು ಅದೇ ವಾರ ತಮ್ಮ ಮಣ್ಣನ್ನೂ ಕೊಟ್ಟರೆ, ಕೆಮ್ಮಣ್ಣು, ಹಿತ್ತಲ ಮಣ್ಣು, ಮರಳು ಮೂರನ್ನೂ ಒಟ್ಟಿಗೆ ಇಟ್ಟು ನೋಡಬಹುದು.